ಘಾಟಿ ಏರದ ಮೋಟಾರ್‌ಹೋಮ್: ಪಿಕಪ್ ಬಿದ್ದರೆ ಮೊದಲು ಏನು ನೋಡಬೇಕು?

ಮಂಗಳೂರಿನಿಂದ ಹೊರಟು ನೆಲ್ಯಾಡಿ ದಾಟಿ ಗುಂಡ್ಯದವರೆಗೆ ಸಲೀಸಾಗಿ ಬಂದ ಗಾಡಿ ಶಿರಾಡಿ ಘಾಟಿಯ ಏರು ಶುರುವಾಗುತ್ತಿದ್ದಂತೆ ಮಂಕಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದರೂ ಆರ್‌ಪಿಎಂ ಏರುವುದಿಲ್ಲ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಜಾಗಕ್ಕೆ ಎರಡನೇ ಗೇರು ಬೇಕಾಗುತ್ತದೆ, ಹಿಂದೆ ಲಾರಿಗಳು ಹಾರನ್ ಬಾರಿಸುತ್ತವೆ. ಘಾಟಿ ಮುಗಿದ ಮೇಲೆ ಅದೇ ಗಾಡಿ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಹಾಸನದ ಗ್ಯಾರೇಜಿನಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ಎಂಜಿನ್ ಸದ್ದು ಚೊಕ್ಕಟವಾಗಿಯೇ ಇರುತ್ತದೆ. ಮೆಕ್ಯಾನಿಕ್ ಒಂದೆರಡು ನಿಮಿಷ ಕಿವಿಗೊಟ್ಟು, ‘ನಾಝಲ್ ಹೋಗಿರ್ಬೇಕು ಸಾರ್’ ಎನ್ನುತ್ತಾರೆ. ದುಡ್ಡು ಖರ್ಚಾಗುವುದು ಅಲ್ಲಿಂದ ಶುರು.

ಡೀಸೆಲ್ ಎಂಜಿನ್ನಿನ ಶಕ್ತಿ ಕುಂದುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಿನವು ಕೆಲವು ನೂರು ರೂಪಾಯಿಯಲ್ಲಿ ಸರಿಹೋಗುವಂಥವು, ಕೆಲವು ಮಾತ್ರ ಲಕ್ಷ ತಲುಪುವಂಥವು. ಅಗ್ಗದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕದೆ ದುಬಾರಿ ಭಾಗಕ್ಕೆ ಕೈ ಹಾಕಬಾರದು ಎಂಬುದೇ ಈ ಲೇಖನದ ಸಾರ. ಟೆಂಪೊ ಟ್ರಾವೆಲರ್, ವಿಂಗರ್‌ನಂಥ ವ್ಯಾನುಗಳನ್ನು ಮೋಟಾರ್‌ಹೋಮ್ ಮಾಡಿಸಿಕೊಂಡವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದರೂ, ಟರ್ಬೊ ಇರುವ ಯಾವುದೇ ಕಾಮನ್‌ರೈಲ್ ಡೀಸೆಲ್ ಗಾಡಿಗೆ ಇಲ್ಲಿನ ಕ್ರಮ ಒಪ್ಪುತ್ತದೆ.

ಘಾಟಿಯಲ್ಲೇ ಯಾಕೆ?

ಸ್ವಲ್ಪ ಲೆಕ್ಕ ನೋಡೋಣ. ನಾಲ್ಕು ಟನ್ ತೂಕದ ಗಾಡಿ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಲು ಹತ್ತು ಅಶ್ವಶಕ್ತಿಯ ಆಸುಪಾಸು ಸಾಕು. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಅದೇ ವೇಗ ಬೇಕೆಂದರೆ, ತೂಕ ಎತ್ತುವುದಕ್ಕೇ ಸುಮಾರು 35 ಕಿಲೋವಾಟ್, ಅಂದರೆ 47 ಅಶ್ವಶಕ್ತಿ ಹೆಚ್ಚುವರಿಯಾಗಿ ಬೇಕು. ಎಂಜಿನ್ ತನ್ನ ಶಕ್ತಿಯ ಮೂರನೇ ಒಂದು ಭಾಗ ಕಳೆದುಕೊಂಡಿದ್ದರೂ ಊರೊಳಗೆ ಅದು ಗೊತ್ತಾಗುವುದಿಲ್ಲ. ಘಾಟಿ ಆ ಕೊರತೆಯನ್ನು ಬಯಲಿಗೆಳೆಯುತ್ತದೆ. ನಿಂತಲ್ಲೇ ರೇಸ್ ಕೊಟ್ಟು ನೋಡುವ ಪರೀಕ್ಷೆಯಲ್ಲಿ ಏನೂ ಸಿಗದಿರುವುದಕ್ಕೂ ಇದೇ ಕಾರಣ. ಎಂಜಿನ್ ಮೇಲೆ ಭಾರ ಬೀಳದೆ ರೋಗ ಕಾಣಿಸಿಕೊಳ್ಳದು.

ಎಂಜಿನ್ನನ್ನು ಅನುಮಾನಿಸುವ ಮುನ್ನ

ಮೊದಲು ತೂಕ. ಮೋಟಾರ್‌ಹೋಮ್ ಮಾಡಿಸುವಾಗ ಪ್ಲೈವುಡ್ ಕಪಾಟು, ಮಂಚ, ಚಾವಣಿಯ ಎಸಿ, ಬ್ಯಾಟರಿ, ಗ್ಯಾಸ್ ಸಿಲಿಂಡರು ಎಂದು ಸೇರುತ್ತಲೇ ಹೋಗುತ್ತವೆ. ನೂರು ಲೀಟರಿನ ನೀರಿನ ಟ್ಯಾಂಕ್ ತುಂಬಿದರೆ ಅದೊಂದೇ ನೂರು ಕಿಲೋ. ತೂಕ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೆ ಏರು ಹತ್ತಲು ಬೇಕಾದ ಶಕ್ತಿಯೂ ಅಷ್ಟೇ ಹೆಚ್ಚುತ್ತದೆ. ಪ್ರವಾಸಕ್ಕೆ ಸಜ್ಜಾದ ಸ್ಥಿತಿಯಲ್ಲೇ ಗಾಡಿಯನ್ನು ಒಮ್ಮೆ ವೇಬ್ರಿಜ್‌ಗೆ ಹತ್ತಿಸಿ, ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕದ ಮಿತಿಯೊಂದಿಗೆ ಹೋಲಿಸಿ. ಮಿತಿ ಮೀರಿದ್ದರೆ ಅದು ಬ್ರೇಕಿನ ಸುರಕ್ಷತೆಯ ಪ್ರಶ್ನೆಯೂ ಹೌದು.

ಎರಡನೆಯದು ಬ್ರೇಕ್ ಜಾಮ್. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯಲ್ಲಿ ಕ್ಯಾಲಿಪರ್ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಅಂಟಿಕೊಳ್ಳುವುದು ಸಾಮಾನ್ಯ. ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿದ ಕೂಡಲೇ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ. ರಿಮ್ ಮುಟ್ಟಬೇಡಿ, ಸುಟ್ಟೀತು. ಒಂದು ಚಕ್ರ ಮಾತ್ರ ಕಾವು ಉಗುಳುತ್ತಿದ್ದರೆ ಎಂಜಿನ್ ತನ್ನದೇ ಬ್ರೇಕಿನ ವಿರುದ್ಧ ಹೆಣಗುತ್ತಿದೆ ಎಂದರ್ಥ.

ಮೂರನೆಯದು ಕ್ಲಚ್. ಏರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಆರ್‌ಪಿಎಂ ಏರುತ್ತದೆ, ವೇಗ ಮಾತ್ರ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದಾದರೆ ಎಂಜಿನ್ನಿನ ತಪ್ಪಿಲ್ಲ. ಕ್ಲಚ್ ಪ್ಲೇಟ್ ಸ್ಲಿಪ್ ಆಗುತ್ತಿದೆ. ಆರ್‌ಪಿಎಂ, ವೇಗ ಎರಡೂ ಏರದಿದ್ದರೆ ಮಾತ್ರ ಮುಂದಿನ ಹುಡುಕಾಟಕ್ಕೆ ಅರ್ಥವಿದೆ.

ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಂಗಳೂರಿನ ಗಾಳಿಗಿಂತ ಬೆಂಗಳೂರಿನ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳು, ಊಟಿಯದು ಹೆಚ್ಚುಕಡಿಮೆ ಕಾಲು ಪಾಲು ತೆಳು. ಟರ್ಬೊ ಇಲ್ಲದ ಹಳೆಯ ಎಂಜಿನ್ನು ಊಟಿಯಲ್ಲಿ ಸೊರಗುವುದು ಸಹಜ. ಟರ್ಬೊ ಇರುವ ಎಂಜಿನ್ನು ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹಾಗಾಗಿ ಟರ್ಬೊ ಗಾಡಿ ಮಡಿಕೇರಿ ರಸ್ತೆಯಲ್ಲೇ ತೀರಾ ಸೋತರೆ ಅದನ್ನು ಎತ್ತರದ ತಲೆಗೆ ಕಟ್ಟಲಾಗದು.

ಯಾವಾಗ ಎಳೆಯುವುದಿಲ್ಲ?

ಒಂದು ನೋಟ್‌ಬುಕ್ ಇಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಬರೆಯಿರಿ. ಸ್ಪಾನರ್ ಹಿಡಿಯುವ ಮುನ್ನವೇ ಅರ್ಧ ದಾರಿ ಸವೆಯುತ್ತದೆ.

ಹೊರಟಾಗ ಚೆನ್ನಾಗಿದ್ದು, ಅರ್ಧ ಗಂಟೆಯ ನಂತರ ಶಕ್ತಿ ಇಳಿದು, ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸರಿಯಾಗುತ್ತಿದ್ದರೆ ಡೀಸೆಲ್ ಟ್ಯಾಂಕಿನ ಒಳಗಿನ ಜಾಲರಿ ಅಥವಾ ಟ್ಯಾಂಕಿನ ಗಾಳಿಕಿಂಡಿಯ ಮೇಲೆ ಅನುಮಾನ ಪಡಿ. ಕೊಳೆ ಜಾಲರಿಗೆ ಅಂಟಿಕೊಳ್ಳುತ್ತದೆ, ಎಂಜಿನ್ ನಿಂತಾಗ ಬಿಟ್ಟುಕೊಳ್ಳುತ್ತದೆ.

ಒಂದು ಕ್ಷಣದಲ್ಲಿ ಶಕ್ತಿ ಕುಸಿದು, ಎಂಜಿನ್ ಚಿಹ್ನೆಯ ದೀಪ ಹೊತ್ತಿ, ಕೀ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋದರೆ ಅದು ಲಿಂಪ್ ಮೋಡ್. ಎಂಜಿನ್ ಕಂಪ್ಯೂಟರು ಯಾವುದೋ ಅಳತೆ ಮಿತಿ ಮೀರಿದ್ದನ್ನು ಕಂಡು ತಾನೇ ಶಕ್ತಿ ಕಡಿತ ಮಾಡಿದೆ.

ವಾರಗಟ್ಟಲೆ ನಿಧಾನವಾಗಿ ಮಂಕಾಗುತ್ತ ಬಂದಿದ್ದರೆ ಫಿಲ್ಟರು, ಇಜಿಆರ್ (ಸುಟ್ಟ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ವಾಲ್ವ್), ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರು) ಕಟ್ಟಿಕೊಳ್ಳುತ್ತಿರಬಹುದು. ಟೆಂಪರೇಚರ್ ಮುಳ್ಳು ಮೇಲೇರಿದಾಗ ಮಾತ್ರ ಎಳೆಯದಿದ್ದರೆ ರೇಡಿಯೇಟರ್ ಕಡೆ ನೋಡಿ. ಬಂಕಿನಿಂದ ಹೊರಟ ಕೆಲವೇ ಕಿಲೋಮೀಟರಿಗೆ ಶುರುವಾಗಿದ್ದರೆ ಡೀಸೆಲ್ಲನ್ನೇ ಮೊದಲು ಪರೀಕ್ಷಿಸಿ.

ಹೊಗೆಯ ಬಣ್ಣ

ಕಪ್ಪು ಹೊಗೆ ಎಂದರೆ ಡೀಸೆಲ್ ಬೀಳುತ್ತಿದೆ, ಅದನ್ನು ಪೂರ್ತಿ ಉರಿಸುವಷ್ಟು ಗಾಳಿ ಇಲ್ಲ. ಏರ್‌ಫಿಲ್ಟರು, ಟರ್ಬೊ, ಇಂಟರ್‌ಕೂಲರ್ ಪೈಪು, ಇಜಿಆರ್ ಕಡೆ ನೋಡಬೇಕು. ಎಂಜಿನ್ ಬಿಸಿಯಾದ ಮೇಲೂ ಬಿಡದ ಬಿಳಿ ಹೊಗೆ ಉರಿಯದ ಡೀಸೆಲ್ಲಿನದೋ ಸಿಲಿಂಡರಿಗೆ ಸೇರಿದ ಕೂಲಂಟಿನದೋ ಆಗಿರುತ್ತದೆ. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು. ಶಕ್ತಿ ಹಠಾತ್ತಾಗಿ ಇಳಿದು ನೀಲಿ ಹೊಗೆ ದಟ್ಟವಾಗಿ ಬಂದರೆ ಗಾಡಿ ಮುಂದೆ ಓಡಿಸಬೇಡಿ. ಟರ್ಬೊದ ಸೀಲ್ ಒಡೆದಿದ್ದರೆ ಡೀಸೆಲ್ ಎಂಜಿನ್ನು ತನ್ನದೇ ಆಯಿಲ್ ಉರಿಸಿಕೊಂಡು ಹತೋಟಿ ಮೀರಿ ಓಡುವ ಅಪಾಯವಿದೆ.

ಶಕ್ತಿ ಕುಂದಿದೆ, ಹೊಗೆಯೂ ಇಲ್ಲ ಎನ್ನುವ ಸ್ಥಿತಿಯಿದ್ದರೆ ಡೀಸೆಲ್ ಪೂರೈಕೆಯ ಕೊರತೆ ಅಥವಾ ಕಂಪ್ಯೂಟರಿನ ಕಡಿತ ಎಂದು ಹಳೆಯ ಗಾಡಿಗಳಲ್ಲಿ ಧೈರ್ಯವಾಗಿ ಹೇಳಬಹುದಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್6 ಮಾನದಂಡದ ಗಾಡಿಗಳಲ್ಲಿ ಆ ಮಾತು ನಡೆಯದು. ಸೈಲೆನ್ಸರಿಗೂ ಮುಂಚೆ ಕುಳಿತಿರುವ ಡಿಪಿಎಫ್ ಮಸಿಯನ್ನೆಲ್ಲ ಹಿಡಿದಿಟ್ಟುಕೊಳ್ಳುವುದರಿಂದ ಎಂಜಿನ್ ಕಪ್ಪು ಹೊಗೆ ಉಗುಳುತ್ತಿದ್ದರೂ ಹೊರಗೆ ಕಾಣುವುದಿಲ್ಲ. ಅದೇ ಡಿಪಿಎಫ್ ಪದೇಪದೇ ತುಂಬುತ್ತಿದ್ದರೆ ಅದನ್ನೇ ಹೊಗೆಯ ಸುಳಿವು ಎಂದುಕೊಳ್ಳಬೇಕು.

ಗಾಳಿಯ ದಾರಿ

ಏರ್‌ಫಿಲ್ಟರ್ ಡಬ್ಬಿ ತೆರೆದು ನೋಡುವುದು ಐದು ನಿಮಿಷದ ಕೆಲಸ. ಮಳೆಗಾಲವಿಡೀ ನಿಂತ ಗಾಡಿಯಲ್ಲಿ ಇಲಿ ಗೂಡು ಕಟ್ಟಿರುತ್ತದೆ, ಕಾಗದದ ಫಿಲ್ಟರು ಒದ್ದೆಯಾಗಿ ಕುಗ್ಗಿರುತ್ತದೆ. ಬಾಡಿ ಕಟ್ಟಿದವರು ಗಾಳಿ ಎಳೆಯುವ ಬಾಯಿಯನ್ನು ಪ್ಯಾನೆಲ್ ಹಿಂದೆ ಮುಚ್ಚಿಬಿಟ್ಟಿದ್ದಾರೆಯೇ ಎಂದೂ ನೋಡಿ.

ಅಲ್ಲಿಂದ ಟರ್ಬೊ, ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಎಂಜಿನ್. ಟರ್ಬೊ ಇದ್ದೂ ಪಿಕಪ್ ಇಲ್ಲದ ಗಾಡಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಈ ದಾರಿಯ ರಬ್ಬರ್ ಹೋಸ್‌ಗಳನ್ನು. ಐಡಲಿಂಗ್‌ನಲ್ಲಿ ಒತ್ತಡ ಇರುವುದಿಲ್ಲವಾದ್ದರಿಂದ ಸೀಳು ಮುಚ್ಚಿಕೊಂಡೇ ಇರುತ್ತದೆ. ಭಾರ ಬಿದ್ದಾಗ ಬಾಯ್ಬಿಟ್ಟು ಗಾಳಿಯನ್ನು ಹೊರಗೆ ಚೆಲ್ಲುತ್ತದೆ. ಏರಿನಲ್ಲಿ ಹೊಸದಾಗಿ ‘ಸುಯ್’ ಎಂಬ ಸದ್ದು ಕೇಳಿಸಿದರೆ ಗಮನ ಕೊಡಿ. ಎಂಜಿನ್ ತಣ್ಣಗಾದ ಮೇಲೆ ಹೋಸ್‌ನ ಉದ್ದಕ್ಕೂ, ಮುಖ್ಯವಾಗಿ ಕಣ್ಣಿಗೆ ಬೀಳದ ಕೆಳಮೈಯಲ್ಲಿ ಬೆರಳಾಡಿಸಿ. ಟರ್ಬೊದ ಹಿಂದಿನ ಹೋಸ್‌ನೊಳಗೆ ಆಯಿಲ್ಲಿನ ತೆಳು ಪದರ ಇರುವುದು ಸಾಮಾನ್ಯ. ಸೀಳಿದ್ದ ಕಡೆ ಅದು ಗಾಳಿಯ ಜೊತೆ ಹೊರಬಿದ್ದು, ಧೂಳು ಹಿಡಿದು, ಜಿಡ್ಡುಗಟ್ಟಿದ ಕಪ್ಪು ಕಲೆಯಾಗಿರುತ್ತದೆ. ಕ್ಲಿಪ್ಪಿನ ಅಂಚಿನಲ್ಲಿ ಉಗುರು ಸಿಕ್ಕಿಕೊಂಡರೆ ಅಲ್ಲೇ ಸೀಳು. ಗುಮಾನಿ ಉಳಿದರೆ ಗ್ಯಾರೇಜಿನಲ್ಲಿ ಪೈಪಿನ ಬಾಯಿ ಮುಚ್ಚಿ, ಕಡಿಮೆ ಒತ್ತಡದ ಗಾಳಿ ಬಿಟ್ಟು, ಸೋಪಿನ ನೀರು ಚಿಮುಕಿಸಿ ಗುಳ್ಳೆ ನೋಡಿಸಿ.

ಹೋಸ್ ಸರಿಯಿದ್ದರೆ ಟರ್ಬೊವನ್ನು ನಿಯಂತ್ರಿಸುವ ಆಕ್ಚುಯೇಟರ್, ಅದಕ್ಕೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪು ನೋಡಬೇಕು. ಪೆನ್ಸಿಲ್ಲಿನಷ್ಟೂ ದಪ್ಪವಿಲ್ಲದ ಆ ಪೈಪು ಕಾವಿಗೆ ಬಿರುಕುಬಿಟ್ಟರೆ ಟರ್ಬೊ ಕೆಲಸ ಮಾಡುವುದಿಲ್ಲ. ಆ ಪೈಪನ್ನು ನೋಡದೆ ಟರ್ಬೊ ಬದಲಿಸಲು ಒಪ್ಪಬೇಡಿ.

ಡೀಸೆಲ್ಲಿನ ದಾರಿ

ಮೋಟಾರ್‌ಹೋಮ್ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ತಣಿದು ಹನಿಗಟ್ಟುತ್ತದೆ. ನೀರು ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಸೇರುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರನ್ನು ಕಟ್ಟಿಹಾಕುತ್ತವೆ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವವರು ಟ್ಯಾಂಕ್ ತುಂಬಿಸಿ ನಿಲ್ಲಿಸುವುದು ಒಳ್ಳೆಯದು.

ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇರುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಎಂಜಿನ್ ಚಾಲೂ ಮಾಡುವ ಮೊದಲು, ಅದರ ಕೆಳಗೆ ಗಾಜಿನ ಬಾಟಲಿ ಹಿಡಿದು ಒಂದು ಲೋಟದಷ್ಟು ಬಿಡಿ. ಬಾಟಲಿಯನ್ನು ಅಲುಗಾಡಿಸದೆ ಹತ್ತು ನಿಮಿಷ ಇಟ್ಟು ಬೆಳಕಿಗೆ ಹಿಡಿಯಿರಿ. ಡೀಸೆಲ್ ತಿಳಿಯಾಗಿ, ಪೂರ್ತಿ ಒಂದೇ ಬಣ್ಣದಲ್ಲಿರಬೇಕು. ತಳದಲ್ಲಿ ಬೇರೆಯಾಗಿ ನಿಂತ ಪದರ ಇದ್ದರೆ ಅದು ನೀರು. ಕಪ್ಪು ಚೂರುಗಳು ತೇಲುತ್ತಿದ್ದರೆ ಟ್ಯಾಂಕ್ ಇಳಿಸಿ ತೊಳೆಸುವುದೇ ದಾರಿ. ಬರೀ ಫಿಲ್ಟರ್ ಬದಲಿಸಿದರೆ ಹೊಸದೂ ಬೇಗ ಕಟ್ಟಿಕೊಳ್ಳುತ್ತದೆ. ಹೊಸದಾಗಿ ತುಂಬಿಸಿದ ಡೀಸೆಲ್ ಬಗ್ಗೆ ಗುಮಾನಿ ಇದ್ದರೆ ಬಂಕಿನಲ್ಲಿ ಡೆನ್ಸಿಟಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ.

ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆಯೇ ಎಂದು ತಿಳಿಯುವುದು ಇನ್ನೂ ಸುಲಭ. ಏರಿನಲ್ಲಿ ಎಳೆಯದೆ ನಿಂತಾಗ ಡೀಸೆಲ್ ಮುಚ್ಚಳ ತಿರುಗಿಸಿ. ‘ಹುಸ್’ ಎಂದು ಗಾಳಿ ಒಳಗೆಳೆದುಕೊಂಡು, ಆಮೇಲೆ ಗಾಡಿ ಹಸನಾಗಿ ಹತ್ತಿದರೆ ಕಾರಣ ಸಿಕ್ಕಿತು.

ಮೋಟಾರ್‌ಹೋಮಿಗೇ ಅಂಟಿದ ಇನ್ನೊಂದು ತೊಂದರೆಯಿದೆ. ಜನರೇಟರಿಗೋ ಒಳಗಿನ ಹೀಟರಿಗೋ ಎಂದು ಎಂಜಿನ್ನಿನ ಡೀಸೆಲ್ ಪೈಪನ್ನು ಕತ್ತರಿಸಿ ಟಿ ಜಾಯಿಂಟ್ ಹಾಕಿರುತ್ತಾರೆ. ಆ ಜಾಯಿಂಟಿನಿಂದ ಡೀಸೆಲ್ ಸೋರದಿದ್ದರೂ ಪಂಪು ಎಳೆಯುವಾಗ ಗಾಳಿ ಒಳನುಗ್ಗುತ್ತದೆ, ಎಂಜಿನ್ ‘ಏರ್ ಹಿಡಿಯುತ್ತದೆ’. ಫಿಲ್ಟರಿನ ಮೊದಲು ತಾತ್ಕಾಲಿಕವಾಗಿ ಪಾರದರ್ಶಕ ಪೈಪಿನ ತುಂಡು ಹಾಕಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಹೀಟರಿಗೆ ಟ್ಯಾಂಕಿನಿಂದಲೇ ಪ್ರತ್ಯೇಕ ಪೈಪು ತೆಗೆಸುವುದು ಸರಿಯಾದ ಕ್ರಮ.

ಇಷ್ಟೆಲ್ಲ ಸರಿಯಿದ್ದ ಮೇಲೆ ಪಂಪು, ಇಂಜೆಕ್ಟರುಗಳ ಸರದಿ. ನಾಲ್ಕೂ ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ಸಣ್ಣ ಬಾಟಲಿಗಳನ್ನು ಜೋಡಿಸಿ, ಎಂಜಿನ್ ಓಡಿಸಿ, ಯಾವುದರಿಂದ ಹೆಚ್ಚು ಡೀಸೆಲ್ ವಾಪಸು ಬರುತ್ತದೆಂದು ಹೋಲಿಸುವ ಪರೀಕ್ಷೆಯಿದೆ. ಒಂದೇ ಬಾಟಲಿ ಬೇಗ ತುಂಬಿದರೆ ಆ ಒಂದು ಇಂಜೆಕ್ಟರ್ ಸವೆದಿದೆ. ನಾಲ್ಕನ್ನೂ ಬದಲಿಸಿ ಎನ್ನುವ ಮೊದಲು ಈ ಪರೀಕ್ಷೆ ಮಾಡಿಸಿ.

ಎಚ್ಚರಿಕೆಯ ಮಾತು: ಹಳೆಯ ಎಂಜಿನ್ನುಗಳಲ್ಲಿ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುತ್ತಿದ್ದರು. ಕಾಮನ್‌ರೈಲ್ ಎಂಜಿನ್ ಓಡುವಾಗ ಹಾಗೆ ಮಾಡುವುದು ಪ್ರಾಣಾಪಾಯ. ಭಾರ ಬಿದ್ದಾಗ ಅಲ್ಲಿ 1,600 ಬಾರ್ ಮತ್ತು ಅದಕ್ಕೂ ಮೇಲಿನ ಒತ್ತಡವಿರುತ್ತದೆ, ಐಡಲಿಂಗ್‌ನಲ್ಲೂ ಕೆಲವು ನೂರು ಬಾರ್. ಕೂದಲೆಳೆಯಷ್ಟು ತೆಳುವಾಗಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೊಗೆ ಹೊರಹೋಗುವ ದಾರಿ

ಒಳಗೆಳೆದ ಗಾಳಿ ಸರಾಗವಾಗಿ ಹೊರಹೋಗದಿದ್ದರೂ ಎಂಜಿನ್ ಏದುಸಿರು ಬಿಡುತ್ತದೆ. ಡಿಪಿಎಫ್ ತನ್ನಲ್ಲಿ ಸೇರಿದ ಮಸಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೆ ಹೆದ್ದಾರಿಯಲ್ಲಿ ಸಮವೇಗದ ಓಟ ಬೇಕು. ಕ್ಯಾಂಪಿನಲ್ಲಿ ಎಸಿಗೋಸ್ಕರ ಗಂಟೆಗಟ್ಟಲೆ ಎಂಜಿನ್ ಐಡಲಿಂಗ್‌ನಲ್ಲಿ ಬಿಡುವವರ ಗಾಡಿಯಲ್ಲಿ ಮಸಿ ಸೇರುತ್ತಲೇ ಹೋಗುತ್ತದೆ, ಸುಡುವ ಅವಕಾಶವೇ ಸಿಗುವುದಿಲ್ಲ. ಡಿಪಿಎಫ್ ದೀಪ ಹೊತ್ತಿದಾಗ ಗಾಡಿಯ ಕೈಪಿಡಿ ಹೇಳಿದಂತೆ ಹೆದ್ದಾರಿಯಲ್ಲಿ ಓಡಿಸಿ, ಸುಡುವ ಕ್ರಿಯೆ ನಡೆಯುತ್ತಿರುವಾಗ ಮಧ್ಯದಲ್ಲಿ ಎಂಜಿನ್ ಆಫ್ ಮಾಡಬೇಡಿ. ಆ ಹೊತ್ತಿನಲ್ಲಿ ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತಬಹುದು. ಸುಡುವ ಕ್ರಿಯೆ ಪದೇಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಸಂತೋಷಪಡಬೇಡಿ, ಆಯಿಲ್ ಬದಲಿಸಿ.

ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ನಿಂತರೆ ಶುದ್ಧ ಗಾಳಿಯ ಜಾಗವನ್ನು ಸುಟ್ಟ ಹೊಗೆ ಆಕ್ರಮಿಸುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ತೀರಾ ಮಂದವಾಗಿದ್ದು ಮೇಲೆ ಹೋದಂತೆ ಚೇತರಿಸಿಕೊಳ್ಳುವುದು ಇದರ ಲಕ್ಷಣ. ಹೊಗೆ ಶುದ್ಧಗೊಳಿಸುವ ಡಿಇಎಫ್ ದ್ರವದ ಟ್ಯಾಂಕ್ ಇರುವ ಗಾಡಿಗಳಲ್ಲಿ ಆ ದ್ರವ ಮುಗಿದರೂ ಕಳಪೆಯದ್ದಾದರೂ ಕಂಪ್ಯೂಟರು ಶಕ್ತಿ ಕಡಿಮೆ ಮಾಡುತ್ತದೆ. ಅದು ಶೇಕಡಾ 32.5ರಷ್ಟು ಯೂರಿಯಾ ಇರುವ ಶುದ್ಧ ದ್ರಾವಣ. ಗೊಬ್ಬರದ ಯೂರಿಯಾ ಕರಗಿಸಿ ಸುರಿದು ಉಳಿತಾಯ ಮಾಡಲು ಹೋದರೆ ಇಡೀ ವ್ಯವಸ್ಥೆ ಹಾಳಾಗುತ್ತದೆ.

ಸ್ಕ್ಯಾನರ್ ಹಿಡಿದು ಏರು ಹತ್ತಿ

ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಲಾರಿ ಚಾಸಿಯ ಮೇಲೆ ಕಟ್ಟಿದ 24 ವೋಲ್ಟ್ ಗಾಡಿಗಳಿಗೆ ಇಂಥವು ಸಾಮಾನ್ಯವಾಗಿ ಹೊಂದುವುದಿಲ್ಲ, ವ್ಯಾನುಗಳಿಗೆ ಸಾಕು. ಕೆಲವು ಕೋಡುಗಳನ್ನು ಗುರುತಿಟ್ಟುಕೊಳ್ಳಿ:

- ಪಿ0087: ರೈಲ್ ಪ್ರೆಶರ್ (ಇಂಜೆಕ್ಟರುಗಳಿಗೆ ಹೋಗುವ ಡೀಸೆಲ್ಲಿನ ಒತ್ತಡ) ಕಡಿಮೆ
- ಪಿ0299: ಟರ್ಬೊ ಒತ್ತಡ ಸಾಲದು
- ಪಿ0234: ಟರ್ಬೊ ಒತ್ತಡ ಮಿತಿ ಮೀರಿದೆ
- ಪಿ0401: ಇಜಿಆರ್ ಹರಿವು ಸಾಲದು
- ಪಿ2463: ಡಿಪಿಎಫ್‌ನಲ್ಲಿ ಮಸಿ ತುಂಬಿದೆ

ಕೋಡ್ ಬಂದಿತೆಂದು ಅದು ಹೆಸರಿಸಿದ ಭಾಗವನ್ನು ಬದಲಿಸುವುದು ತಪ್ಪು. ಪಿ0299 ಬಂದರೆ ಟರ್ಬೊ ಹೋಗಿದೆ ಎಂದಲ್ಲ, ಒತ್ತಡ ಸಾಲದು ಎಂದಷ್ಟೇ ಅರ್ಥ. ಸೀಳಿದ ಹೋಸ್ ಇದ್ದರೂ ಅದೇ ಕೋಡ್ ಬರುತ್ತದೆ. ಪಿ0087 ಬಂದಾಗಲೂ ಪಂಪಿಗಿಂತ ಮೊದಲು ನೋಡಬೇಕಾದದ್ದು ಕಟ್ಟಿಕೊಂಡ ಫಿಲ್ಟರನ್ನು.

ಕೋಡಿಗಿಂತ ಹೆಚ್ಚು ಉಪಯೋಗ ಲೈವ್ ಡೇಟಾದಿಂದ. ಮೊದಲು ಎಂಜಿನ್ ಚಾಲೂ ಮಾಡದೆ ಕೀ ಆನ್ ಮಾಡಿ, ಎಂಜಿನ್ ಸೇರುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಅಂಕಿ ನೋಡಿ. ಆಗ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು: ಮಂಗಳೂರಿನಲ್ಲಿ 100 ಕಿಲೋಪಾಸ್ಕಲ್ ಆಸುಪಾಸು, ಬೆಂಗಳೂರಿನಲ್ಲಿ 91ರ ಆಸುಪಾಸು. ಅಲ್ಲೇ ಬಹಳ ವ್ಯತ್ಯಾಸವಿದ್ದರೆ ಸೆನ್ಸರೇ ಸುಳ್ಳು ಹೇಳುತ್ತಿದೆ.

ಆಮೇಲೆ ವಾಹನ ಸಂಚಾರ ಕಡಿಮೆಯಿರುವ ಒಂದು ಏರು ಆರಿಸಿಕೊಳ್ಳಿ. ಎಂಜಿನ್ ಬಿಸಿಯಾಗಿರಲಿ, ಎಸಿ ಆಫ್ ಇರಲಿ. ಮೂರನೇ ಗೇರಿನಲ್ಲಿ, 1,500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಅಂಕಿಗಳನ್ನು ಜೊತೆಗಿದ್ದವರು ನೋಡಿ ಬರೆದುಕೊಳ್ಳಲಿ. ಓಡಿಸುವವರ ಕಣ್ಣು ರಸ್ತೆಯ ಮೇಲಿರಬೇಕು. ನೋಡಬೇಕಾದವು ಮೂರು. ಪೆಡಲ್ ಅಂಕಿ ನೂರರ ಹತ್ತಿರ ಹೋಗುತ್ತಿದೆಯೇ? ಹೋಗದಿದ್ದರೆ ಪೆಡಲ್ ಸೆನ್ಸರ್ ಅಥವಾ ಅದರಡಿ ಸಿಕ್ಕಿಕೊಂಡ ಮ್ಯಾಟ್ ನೋಡಿ. ಮ್ಯಾಪ್ ಅಂಕಿ 200 ಕಿಲೋಪಾಸ್ಕಲ್ ದಾಟುತ್ತಿದೆಯೇ? ಟರ್ಬೊ ಇರುವ ಹೆಚ್ಚಿನ ವ್ಯಾನುಗಳಲ್ಲಿ ಪೂರ್ತಿ ಭಾರಕ್ಕೆ ದಾಟಬೇಕು. 110, 120ರಲ್ಲೇ ನಿಂತರೆ ಗಾಳಿಯ ದಾರಿಯಲ್ಲಿ ದೋಷವಿದೆ. ರೈಲ್ ಪ್ರೆಶರ್ ಕಂಪ್ಯೂಟರು ಕೇಳಿದಷ್ಟು ಬರುತ್ತಿದೆಯೇ? ಕೇಳಿದ್ದು ಏರುತ್ತಿದ್ದು ಬಂದದ್ದು ಕುಸಿಯುತ್ತಿದ್ದರೆ ಡೀಸೆಲ್ಲಿನ ದಾರಿಯಲ್ಲಿ ದೋಷವಿದೆ. ಒಂದೇ ಏರಿನ ಓಟ ಗಾಳಿಯೋ ಡೀಸೆಲ್ಲೋ ಎಂದು ತೀರ್ಮಾನಿಸಿಬಿಡುತ್ತದೆ.

ಎರಡೂ ಸರಿಯಿದ್ದು ಶಕ್ತಿ ಮಾತ್ರ ಇಲ್ಲವೆಂದರೆ ಉಳಿಯುವುದು ಕಂಪ್ರೆಶನ್. ಓಡುವ ಎಂಜಿನ್ನಿನ ಆಯಿಲ್ ಮುಚ್ಚಳವನ್ನು ಸಡಿಲಿಸಿ ಬಾಯಿಯ ಮೇಲಿಟ್ಟಾಗ ಅದು ಕುಣಿದು, ಕೆಳಗಿನಿಂದ ಹೊಗೆ ಬುಸುಗುಟ್ಟಿದರೆ ರಿಂಗ್ ಸವೆದಿರಬಹುದು. ಅಲ್ಲಿಗೆ ಮನೆಯ ಪರೀಕ್ಷೆ ಮುಗಿಯಿತು, ಕಂಪ್ರೆಶನ್ ಗೇಜ್ ಇರುವ ಗ್ಯಾರೇಜಿಗೆ ಹೋಗಬೇಕು.

ಘಾಟಿಯಲ್ಲಿ ನಿಂತುಬಿಟ್ಟರೆ

ತಿರುವಿನಲ್ಲಿ ನಿಲ್ಲಿಸದೆ ಅಗಲವಾದ ಜಾಗ ಹುಡುಕಿ. ಹಜಾರ್ಡ್ ಲೈಟ್ ಹಾಕಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಿ, ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯಲು ಮರೆಯಬೇಡಿ. ಹಿಂದೆ ಬರುವ ಬೈಕಿನವರಿಗೆ ಅದು ಯಮ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಆಯಿಲ್ ಲೈಟ್ ಹೊತ್ತಿದ್ದರೆ, ಟೆಂಪರೇಚರ್ ಕೆಂಪು ಗೆರೆ ಮುಟ್ಟಿದ್ದರೆ, ನೀಲಿ ಹೊಗೆ ಬರುತ್ತಿದ್ದರೆ ಟೋಯಿಂಗ್ ಮಾಡಿಸುವುದೇ ಅಗ್ಗ. ಇವು ಯಾವುವೂ ಇಲ್ಲದ ಬರೀ ಲಿಂಪ್ ಮೋಡ್ ಆದರೆ ನಿಧಾನವಾಗಿ ಹತ್ತಿರದ ಊರು ಸೇರಬಹುದು.

ಗ್ಯಾರೇಜಿಗೆ ಹೋದಾಗ ‘ಪಿಕಪ್ ಇಲ್ಲ’ ಎಂದಷ್ಟೇ ಹೇಳಿ ಕೀ ಕೊಟ್ಟುಬಿಡಬೇಡಿ. ಯಾವ ಗೇರಿನಲ್ಲಿ, ಎಷ್ಟು ಹೊತ್ತಿನ ನಂತರ, ಯಾವ ಹೊಗೆ, ಯಾವ ಕೋಡ್, ಏರಿನಲ್ಲಿ ಮ್ಯಾಪ್ ಮತ್ತು ರೈಲ್ ಪ್ರೆಶರ್ ಎಷ್ಟು ಎಂಬುದನ್ನು ಬರೆದ ಚೀಟಿ ಕೊಡಿ. ಕೋಡನ್ನು ಅಳಿಸುವ ಮುನ್ನ ಫೋಟೊ ತೆಗೆದಿಡಿ. ಯಾವುದೇ ಭಾಗ ಬದಲಿಸುವ ಮಾತು ಬಂದರೆ ಅದು ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತೆಂದು ಕೇಳಿ, ಹಳೆಯ ಭಾಗವನ್ನು ವಾಪಸು ಪಡೆಯಿರಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಉತ್ತರ ಬಾರದಿದ್ದರೆ ಕೀ ವಾಪಸು ತೆಗೆದುಕೊಂಡು ಬೇರೆ ಗ್ಯಾರೇಜು ನೋಡಿ.